ಅರ್ಹತೆ ಇದೆ, ನೆರವು ಏಕೆ ಬರುತ್ತಿಲ್ಲ? ಕಾಲೇಜು ಸೇರುವ ಬಡ ಮಕ್ಕಳಿಗೆ ಒಂದು ಕೈಪಿಡಿ

ಕೂಲಿಯನ್ನೋ ಒಂದೆರಡು ಎಕರೆ ಒಣಬೇಸಾಯವನ್ನೋ ನಂಬಿದ ಮನೆಯಲ್ಲಿ ಪಿಯುಸಿ ಫಲಿತಾಂಶ ಬಂದರೆ ಅಂಕದ ಸಂತೋಷಕ್ಕಿಂತ ಮೊದಲು ಫೀಸಿನ ಮಾತು ಬರುತ್ತದೆ. ಸೀಟು ಸಿಕ್ಕಿರುತ್ತದೆ, ಶುಲ್ಕ ಕಟ್ಟಲು ನಾಲ್ಕೈದು ದಿನದ ಗಡುವಿರುತ್ತದೆ, ಕೈಯಲ್ಲಿ ದುಡ್ಡಿರುವುದಿಲ್ಲ. ‘ಹೇಗೂ ಸ್ಕಾಲರ್‌ಶಿಪ್ ಬರುತ್ತದಲ್ಲ’ ಎಂಬ ಧೈರ್ಯದಲ್ಲಿ ಬಡ್ಡಿಗೆ ಸಾಲ ತಂದು ಸೇರಿಸುತ್ತಾರೆ. ವರ್ಷ ಮುಗಿದರೂ ಹಣ ಬರುವುದಿಲ್ಲ. ವಿಚಾರಿಸಲು ಹೋದರೆ ಕಾಲೇಜಿನವರು ಇಲಾಖೆಯತ್ತ, ಇಲಾಖೆಯವರು ಬ್ಯಾಂಕಿನತ್ತ, ಬ್ಯಾಂಕಿನವರು ಆಧಾರ್ ಕೇಂದ್ರದತ್ತ ಕೈ ತೋರಿಸುತ್ತಾರೆ. ಎರಡನೇ ವರ್ಷದ ಫೀಸಿನ ಹೊತ್ತಿಗೆ ಆ ಮಗು ಕಾಲೇಜು ಬಿಟ್ಟು ಗಾರ್ಮೆಂಟ್ಸ್‌ಗೋ ಡೆಲಿವರಿ ಕೆಲಸಕ್ಕೋ ಸೇರಿಬಿಟ್ಟಿರುತ್ತದೆ.

ಹೀಗೆ ಬಿಟ್ಟವರಲ್ಲಿ ಎಷ್ಟೋ ಮಂದಿಗೆ ಅರ್ಹತೆಯ ಕೊರತೆ ಇರಲಿಲ್ಲ. ಜಾತಿ, ಆದಾಯ, ಅಂಕ ಎಲ್ಲವೂ ನಿಯಮದೊಳಗೇ ಇದ್ದವು. ಅವರು ಸೋತದ್ದು ಹೆಸರಿನ ಒಂದು ಅಕ್ಷರಕ್ಕೆ, ಅವಧಿ ಮುಗಿದ ಒಂದು ಪ್ರಮಾಣಪತ್ರಕ್ಕೆ, ಬಳಸದೆ ಬಿಟ್ಟ ಒಂದು ಬ್ಯಾಂಕ್ ಖಾತೆಗೆ. ಇವೆಲ್ಲ ಮುಂಚೆಯೇ ಸರಿಪಡಿಸಿಕೊಳ್ಳಬಹುದಾದವು. ಅದಕ್ಕೇ ಈ ಲೇಖನದಲ್ಲಿ ಯೋಜನೆಗಳ ಪಟ್ಟಿಗಿಂತ ಕಾಗದಪತ್ರ ಮತ್ತು ಖಾತೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಿನ್ನೆಲೆ ಒಂದಿಷ್ಟು

ಈ ನೆರವು ಯಾರೋ ಕನಿಕರದಿಂದ ಕೊಡುವ ದಾನವಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗಿನಿಂದ ಹಿಂದುಳಿದವರ ಓದು ಸರ್ಕಾರದ ಹೊಣೆ ಎಂಬ ಮಾತಿಗೆ ಇಲ್ಲಿ ಬೇರು ಸಿಕ್ಕಿದೆ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾದದ್ದು 1944ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲು. ದೇವರಾಜ ಅರಸರ ಕಾಲದ ಹಾವನೂರು ಆಯೋಗ, ಊರೂರಿನ ಬಿಸಿಎಂ ಹಾಸ್ಟೆಲ್‌ಗಳು, ಸಿದ್ಧಗಂಗೆ, ಸುತ್ತೂರಿನಂಥ ಮಠಗಳ ದಾಸೋಹ ಎಲ್ಲವೂ ಸೇರಿ ಲಕ್ಷಾಂತರ ಮಕ್ಕಳನ್ನು ಪದವಿಯವರೆಗೆ ತಂದಿವೆ. ನೀವು ಅರ್ಜಿ ಹಾಕುವಾಗ ಕೇಳುತ್ತಿರುವುದು ನಿಮ್ಮ ಪಾಲನ್ನು. ಸಂಕೋಚ ಬೇಡ.

ಯಂತ್ರ ಹೇಗೆ ನೋಡುತ್ತದೆ?

ಹಿಂದೆ ಅರ್ಜಿ ಕಾಗದದಲ್ಲಿತ್ತು. ಗುಮಾಸ್ತರು ಹೆಸರಿನ ಇನಿಷಿಯಲ್ ಹಿಂದುಮುಂದಾಗಿದ್ದರೂ ‘ಇದು ಅದೇ ಹುಡುಗಿ’ ಎಂದು ಗುರುತಿಸಿ ಸಹಿ ಹಾಕುತ್ತಿದ್ದರು. ಈಗ ರಾಜ್ಯದ ನೆರವು ಎಸ್‌ಎಸ್‌ಪಿ ಎಂದು ಎಲ್ಲರೂ ಕರೆಯುವ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ, ಕೇಂದ್ರದ ನೆರವು ಎನ್‌ಎಸ್‌ಪಿ ಎಂಬ ರಾಷ್ಟ್ರೀಯ ತಂತ್ರಾಂಶದ ಮೂಲಕ ಬರುತ್ತದೆ. ತಂತ್ರಾಂಶಕ್ಕೆ ಮುಖದ ಪರಿಚಯವಿಲ್ಲ. ಆಧಾರ್‌ನಿಂದ ನಿಮ್ಮ ಹೆಸರು, ಪರೀಕ್ಷಾ ಮಂಡಳಿ ಹಾಗೂ ವಿಶ್ವವಿದ್ಯಾಲಯದಿಂದ ಓದಿನ ವಿವರ, ಕಂದಾಯ ಇಲಾಖೆಯಿಂದ ಜಾತಿ ಮತ್ತು ಆದಾಯ, ಇಷ್ಟನ್ನೂ ಅದು ತಾನೇ ತರಿಸಿಕೊಂಡು ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತದೆ. ಕೊನೆಗೆ ಹಣ ಕಳಿಸುವಾಗಲೂ ಖಾತೆ ಸಂಖ್ಯೆಯ ಬದಲು ಆಧಾರ್ ಸಂಖ್ಯೆ ಹಿಡಿದು ಕಳಿಸುತ್ತದೆ.

ಒಂದು ಉದಾಹರಣೆ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುಳ ಎನ್’ ಎಂದಿದೆ. ಆಧಾರ್‌ನಲ್ಲಿ ‘ಮಂಜುಳಾ’ ಎಂದಿದ್ದು ಇಂಗ್ಲಿಷ್‌ನಲ್ಲಿ ಕೊನೆಗೆ ಒಂದು ‘ಎ’ ಹೆಚ್ಚಾಗಿದೆ, ಇನಿಷಿಯಲ್ ಇಲ್ಲ. ಜಾತಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಸೇರಿ ‘ಮಂಜುಳಾ ನಿಂಗಪ್ಪ’ ಆಗಿದೆ. ಊರಿನವರಿಗೆ ಮೂರೂ ಒಬ್ಬಳೇ ಮಂಜುಳಾ. ತಂತ್ರಾಂಶದ ಕಣ್ಣಿಗೆ ಮೂವರು. ಅರ್ಜಿ ಅಲ್ಲೇ ನಿಲ್ಲುತ್ತದೆ. ಇಷ್ಟು ತಿಳಿದರೆ ಮುಂದಿನ ಹೆಜ್ಜೆಗಳು ಏಕೆ ಈ ಕ್ರಮದಲ್ಲೇ ಇವೆ ಎಂಬುದೂ ತಿಳಿಯುತ್ತದೆ.

ಮೊದಲ ಕೆಲಸ: ಕಾಗದಪತ್ರ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮರುವಾರವೇ ಇದನ್ನು ಹಿಡಿಯಿರಿ. ಫಲಿತಾಂಶ ಬಂದ ಮೇಲೆ ನಾಡಕಚೇರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

1. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಳ್ಳಿ. ಉಳಿದ ದಾಖಲೆಗಳೆಲ್ಲ ಅದರ ಹೆಸರಿಗೇ ಹೊಂದಬೇಕು. ಆಧಾರ್‌ನ ಹೆಸರು ಬೇರೆಯಾಗಿದ್ದರೆ ಅಂಕಪಟ್ಟಿ ತೋರಿಸಿ ಆಧಾರ್ ಅನ್ನೇ ತಿದ್ದಿಸಿ. ಅಂಕಪಟ್ಟಿ ತಿದ್ದಿಸಲು ಹೊರಟರೆ ಶಾಲೆ, ಮಂಡಳಿ ಎಂದು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಹಾಗಾಗಿ ತಿದ್ದುಪಡಿ ಅರ್ಜಿಯ ಒಂದೊಂದು ಅಕ್ಷರವನ್ನೂ ಅಂಕಪಟ್ಟಿಯ ಜೊತೆ ಇಟ್ಟು ಓದಿದ ಮೇಲೇ ಒಪ್ಪಿಗೆ ಕೊಡಿ. ಆಧಾರ್‌ಗೆ ನಿಮ್ಮ ಕೈಯಲ್ಲೇ ಇರುವ ಮೊಬೈಲ್ ನಂಬರ್ ಕೊಡಿ. ಅಣ್ಣನದೋ ಚಿಕ್ಕಪ್ಪನದೋ ನಂಬರ್ ಇದ್ದರೆ ಒಟಿಪಿ ಅವರಿಗೆ ಹೋಗುತ್ತದೆ, ಅವರು ಬೆಂಗಳೂರಿನ ಕೆಲಸದಲ್ಲಿರುತ್ತಾರೆ.

2. ಜಾತಿ ಮತ್ತು ಆದಾಯ ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಅದರ ಮೇಲಿನ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆಯೇ ಎಸ್‌ಎಸ್‌ಪಿಗೆ ಬೇಕಾದದ್ದು. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, 2ಎ, 2ಬಿ, 3ಎ, 3ಬಿ ಪ್ರವರ್ಗದವರಿಗೆ ನಮೂನೆ-ಎಫ್. ನಮೂನೆ-ಎಫ್‌ನಲ್ಲಿ ಜಾತಿಯೂ ಆದಾಯವೂ ಒಟ್ಟಿಗೇ ಇರುವುದರಿಂದ ಅದಕ್ಕೆ ಐದು ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಪದವಿಯ ನಡುವೆ ಮುಗಿದುಹೋಗುತ್ತದೆ. ದಿನಾಂಕ ಈಗಲೇ ನೋಡಿ.

3. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿ ಕಳೆದುಕೊಳ್ಳಬೇಡಿ. 2011ರ ಸಕಾಲ ಕಾಯ್ದೆಯ ಪ್ರಕಾರ ಇಷ್ಟು ದಿನದೊಳಗೆ ಪ್ರಮಾಣಪತ್ರ ಕೊಡಲೇಬೇಕು ಎಂಬ ಗಡುವಿದೆ. ಚೀಟಿಯಲ್ಲಿರುವ ಸಕಾಲ ಸಂಖ್ಯೆಯೇ ನಿಮ್ಮ ಬಲ. ಗಡುವು ಮೀರಿದರೆ ಅದನ್ನು ಹಿಡಿದು ಮೇಲ್ಮನವಿ ಹಾಕಬಹುದು. ಗ್ರಾಮ ಆಡಳಿತಾಧಿಕಾರಿ ಪರಿಶೀಲನೆಗೆ ಬಂದಾಗ ರೇಷನ್ ಕಾರ್ಡು, ಪಹಣಿ, ಶಾಲೆಯ ವರ್ಗಾವಣೆ ಪತ್ರ ತೋರಿಸಲು ಮನೆಯಲ್ಲಿ ಒಬ್ಬರಾದರೂ ಇರಲಿ. ಪರಿಶೀಲನೆ ಆಗದೆ ಅರ್ಜಿ ತಿರಸ್ಕೃತವಾದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು.

4. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರ ವ್ಯಾಸಂಗ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರಿಂದ ಪಡೆದು ಬಿಇಒ ಸಹಿ ಮಾಡಿಸಿ. ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ಪತ್ರ ಬೇಕು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಹಾಕಿರುತ್ತದೆ, ಮಾರ್ಚ್‌ನಲ್ಲೇ ಕೇಳಿ.

5. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಾದರೆ 371(ಜೆ) ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆಯಿರಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಈ ಪತ್ರ ಇರುವವರಿಗೆ. ಬೆಂಗಳೂರಿಗೆ ವಲಸೆ ಬಂದು ಕಟ್ಟಡ ಕೆಲಸ ಮಾಡುತ್ತಿರುವ ಎಷ್ಟೋ ಕುಟುಂಬಗಳು ಮಕ್ಕಳಿಗೆ ಈ ಹಕ್ಕು ಇರುವುದನ್ನೇ ಮರೆತಿವೆ. ಕಾಗದಪತ್ರ ಊರಿನಲ್ಲಿದ್ದರೆ ಒಮ್ಮೆ ಹೋಗಿ ಮಾಡಿಸಿಕೊಂಡು ಬನ್ನಿ. ಬಸ್ ಚಾರ್ಜಿಗಿಂತ ನೂರು ಪಟ್ಟು ಬೆಲೆಯ ಪತ್ರ ಅದು.

6. ಅಂಗವಿಕಲರಾದರೆ ಯುಡಿಐಡಿ ಕಾರ್ಡ್ ಇರಲಿ. ಶೇ 40 ಅಥವಾ ಹೆಚ್ಚಿನ ವೈಕಲ್ಯ ಇರುವವರಿಗೆ 2016ರ ಕಾಯ್ದೆಯಂತೆ ಸರ್ಕಾರಿ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲು, ಪ್ರವೇಶದ ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಇದೆ. ಬರೆಯಲು ಕಷ್ಟವಿರುವವರಿಗೆ ಪರೀಕ್ಷೆಯಲ್ಲಿ ಬರಹಗಾರರ ನೆರವು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೇಳುವ ಹಕ್ಕೂ ಇದೆ. ಇದನ್ನು ಪರೀಕ್ಷೆಯ ಹಿಂದಿನ ದಿನ ಕೇಳಿದರೆ ಆಗದು, ಕಾಲೇಜು ಸೇರಿದ ಮೊದಲ ತಿಂಗಳಲ್ಲೇ ಪ್ರಾಂಶುಪಾಲರಿಗೆ ಬರೆದು ಕೊಡಿ.

ಕೇಂದ್ರದ ಸಂಸ್ಥೆಗೆ ಹೋಗುವವರು ಗಮನಿಸಿ

ಧಾರವಾಡದ ಐಐಟಿ, ಸುರತ್ಕಲ್‌ನ ಎನ್‌ಐಟಿಕೆ, ಕಲಬುರಗಿ ಬಳಿಯ ಕೇಂದ್ರೀಯ ವಿಶ್ವವಿದ್ಯಾಲಯ ಇಂಥಲ್ಲಿ ರಾಜ್ಯದ ನಮೂನೆ-ಎಫ್ ನಡೆಯುವುದಿಲ್ಲ. ಕೇಂದ್ರದ ಒಬಿಸಿ ನಮೂನೆಯ ಪ್ರಮಾಣಪತ್ರ ಬೇರೆಯೇ ಇದೆ, ಕೆನೆಪದರದ ಆದಾಯ ಮಿತಿ 2017ರಿಂದ 8 ಲಕ್ಷ ರೂಪಾಯಿ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ, ಆದ್ದರಿಂದ ಮೊದಲು ಪಟ್ಟಿ ನೋಡಿ. ಅದರಲ್ಲಿಲ್ಲದವರು, ಯಾವ ಮೀಸಲಾತಿಗೂ ಒಳಪಡದವರು ಆರ್ಥಿಕವಾಗಿ ದುರ್ಬಲ ವರ್ಗದ, ಅಂದರೆ ಇಡಬ್ಲ್ಯುಎಸ್ ಪ್ರಮಾಣಪತ್ರಕ್ಕೆ ಅರ್ಹರೇ ಎಂದು ವಿಚಾರಿಸಬಹುದು.

ಈ ಸಂಸ್ಥೆಗಳ ಫೀಸು ಕೇಳಿ ಹೆದರಿ ಹಿಂದೆ ಸರಿಯುವವರನ್ನು ಕಂಡಾಗ ಬಹಳ ನೋವಾಗುತ್ತದೆ. ಐಐಟಿ, ಎನ್‌ಐಟಿಗಳ ಬಿ.ಟೆಕ್‌ನಲ್ಲಿ ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಪೂರ್ತಿ ಮನ್ನಾ. ಉಳಿದವರಲ್ಲೂ ಕುಟುಂಬದ ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಪೂರ್ತಿ ಮನ್ನಾ, 1ರಿಂದ 5 ಲಕ್ಷದೊಳಗಿದ್ದರೆ ಮೂರನೇ ಎರಡು ಭಾಗ ಮನ್ನಾ. ಸೀಟು ಬಿಡುವ ಮೊದಲು ಸಂಸ್ಥೆಯ ಕಚೇರಿಗೆ ಒಂದು ಫೋನ್ ಮಾಡಿ.

ಎರಡನೆಯ ಕೆಲಸ: ಬ್ಯಾಂಕ್ ಖಾತೆ

ಮಂಜೂರಾದ ಹಣವೂ ಎಷ್ಟೋ ಸಲ ಇಲ್ಲೇ ಸಿಕ್ಕಿಕೊಳ್ಳುತ್ತದೆ. ‘ನನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆ’ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ಬ್ಯಾಂಕಿಗೆ ಆಧಾರ್ ನಕಲು ಕೊಟ್ಟು ಕೆವೈಸಿ ಮಾಡಿಸಿರುವುದು ಒಂದು. ಸರ್ಕಾರದ ಹಣ ಪಡೆಯಲು ಆ ಖಾತೆಯನ್ನು ಎನ್‌ಪಿಸಿಐ ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಜೋಡಿಸುವುದು ಇನ್ನೊಂದು. ಎರಡನೆಯದನ್ನು ಬ್ಯಾಂಕಿನವರು ಸೀಡಿಂಗ್ ಎನ್ನುತ್ತಾರೆ. ಸೀಡಿಂಗ್ ಆಗದಿದ್ದರೆ ಪಾಸ್‌ಬುಕ್ಕಿನಲ್ಲಿ ಆಧಾರ್ ನಂಬರ್ ಅಚ್ಚಾಗಿದ್ದರೂ ಹಣ ಬರುವುದಿಲ್ಲ.

ಒಂದು ಆಧಾರ್‌ಗೆ ಒಂದು ಹೊತ್ತಿನಲ್ಲಿ ಒಂದೇ ಬ್ಯಾಂಕ್ ಸೀಡ್ ಆಗಿರುತ್ತದೆ. ಕಡೆಯದಾಗಿ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿರೋ ಹಣ ಅಲ್ಲಿಗೇ ಹೋಗುತ್ತದೆ. ಸಿಮ್ ಕೊಳ್ಳುವಾಗಲೋ, ಯಾವುದೋ ಶಿಬಿರದಲ್ಲೋ ಹೆಬ್ಬೆಟ್ಟು ಕೊಟ್ಟು ತೆರೆದ ಹೊಸ ಖಾತೆಗೆ ಸೀಡಿಂಗ್ ಬದಲಾಗಿರಬಹುದು. ‘ಹಣ ಬಂದಿಲ್ಲ’ ಎಂದು ಕಚೇರಿ ಅಲೆಯುತ್ತಿರುವ ವಿದ್ಯಾರ್ಥಿಯ ಹಣ ಅವರಿಗೇ ನೆನಪಿಲ್ಲದ ಖಾತೆಯಲ್ಲಿ ಕೂತಿರುವುದುಂಟು.

ಹೀಗೆ ಮಾಡಿ:

1. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಆಧಾರ್ ಸಂಖ್ಯೆ, ಒಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿ. ಯಾವ ಬ್ಯಾಂಕ್, ಚಾಲ್ತಿಯಲ್ಲಿದೆಯೇ ಇಲ್ಲವೇ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

2. ಚಾಲ್ತಿಯಲ್ಲಿಲ್ಲದಿದ್ದರೆ ನಿಮ್ಮ ಶಾಖೆಗೆ ಹೋಗಿ ಎನ್‌ಪಿಸಿಐ ಸೀಡಿಂಗ್ ಅರ್ಜಿಯನ್ನೇ ಕೇಳಿ ಕೊಡಿ. ‘ಆಧಾರ್ ಲಿಂಕ್ ಮಾಡಿ’ ಎಂದಷ್ಟೇ ಕೇಳಿದರೆ ಕೆವೈಸಿ ಮಾತ್ರ ಮಾಡಿ ಕಳಿಸಿಬಿಡಬಹುದು. ವಾರ ಬಿಟ್ಟು ಮತ್ತೆ ಸ್ಟೇಟಸ್ ನೋಡಿ.

3. ಎರಡು ವರ್ಷ ವ್ಯವಹಾರ ನಡೆಸದ ಖಾತೆ ನಿಷ್ಕ್ರಿಯವಾಗುತ್ತದೆ. ಹೈಸ್ಕೂಲಿನಲ್ಲಿ ತೆರೆದ ಖಾತೆಯಾದರೆ ಮತ್ತೆ ಕೆವೈಸಿ ಕೊಟ್ಟು ಚಾಲೂ ಮಾಡಿಸಿ, ಆಗಾಗ ನೂರು ರೂಪಾಯಿಯಾದರೂ ಹಾಕಿ ತೆಗೆಯಿರಿ.

4. ಪೂರ್ಣ ದಾಖಲೆ ಇಲ್ಲದೆ ತೆರೆದ ‘ಸಣ್ಣ ಖಾತೆ’ಗಳಲ್ಲಿ ಶಿಲ್ಕು 50 ಸಾವಿರ, ವರ್ಷದ ಒಟ್ಟು ಜಮೆ 1 ಲಕ್ಷ ಮೀರುವಂತಿಲ್ಲ. ವೃತ್ತಿ ಕೋರ್ಸಿನ ಶುಲ್ಕದ ಮೊತ್ತ ಇದಕ್ಕಿಂತ ದೊಡ್ಡದಿರಬಹುದು. ಅಂಥ ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸಿಕೊಳ್ಳಿ.

ಯಾವ ಮೊತ್ತ ಯಾವ ದಿನ ಜಮೆಯಾಯಿತು ಎಂಬುದನ್ನು ಡಿಬಿಟಿ ಕರ್ನಾಟಕ ಎಂಬ ಸರ್ಕಾರದ ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದು.

ಯಾರಿಗೆ ಯಾವ ನೆರವು?

ಎಲ್ಲ ಯೋಜನೆಗಳನ್ನೂ ಇಲ್ಲಿ ಹೇಳಲು ಹೊರಟರೆ ಪುಟ ಸಾಲದು. ಹೆಚ್ಚು ಮಂದಿಗೆ ಉಪಯೋಗವಾಗುವ ಕೆಲವನ್ನು ಹೇಳುತ್ತೇನೆ.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ಶುಲ್ಕ ಮರುಪಾವತಿ ಎಲ್ಲಕ್ಕೂ ಮೊದಲಿನದು. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಈ ಇಲಾಖೆಗಳದ್ದೆಲ್ಲ ಎಸ್‌ಎಸ್‌ಪಿಯ ಒಂದೇ ಅರ್ಜಿಯಲ್ಲಿ ಬರುತ್ತದೆ. ಕೇಂದ್ರ ಪುರಸ್ಕೃತ ಯೋಜನೆಯಲ್ಲಿ ಪರಿಶಿಷ್ಟರಿಗೆ ಕುಟುಂಬದ ಆದಾಯ ಮಿತಿ 2.5 ಲಕ್ಷ ರೂಪಾಯಿ. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗಕ್ಕೆ ತಕ್ಕಂತೆ ಮಿತಿ ಬೇರೆಬೇರೆ, ಆ ವರ್ಷದ ಅಧಿಸೂಚನೆ ಓದಿಯೇ ಅರ್ಜಿ ಹಾಕಿ.

ಹಾಸ್ಟೆಲ್ ಬೇಕಾದವರು ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಕ್ಕೆ ಪ್ರತ್ಯೇಕವಾಗಿ ರಾಜ್ಯ ಹಾಸ್ಟೆಲ್ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು. ಎಸ್‌ಎಸ್‌ಪಿ ಅರ್ಜಿ ಹಾಕಿದರೆ ಹಾಸ್ಟೆಲ್‌ಗೂ ಹಾಕಿದಂತೆ ಎಂದುಕೊಂಡು ಸುಮ್ಮನಿದ್ದವರು ಪ್ರತಿ ವರ್ಷ ಸಿಗುತ್ತಾರೆ. ಸೀಟು ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯಲ್ಲಿ ಊಟ, ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ. ನಗರದ ಬಾಡಿಗೆಗೆ ಇದು ಸಾಲದು. ಆದರೆ ನಾಲ್ವರು ಸೇರಿ ರೂಮು ಮಾಡಿ ಅಡುಗೆ ಮಾಡಿಕೊಂಡರೆ ದೊಡ್ಡ ಆಸರೆ.

ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂಬ ಸೀಟುಗಳಿವೆ. ಮಂಜೂರಾದ ಸೀಟುಗಳ ಮೇಲೆ ಶೇ 5 ಹೆಚ್ಚುವರಿಯಾಗಿ ಕೊಡುವ ಇವುಗಳಿಗೆ ಬೋಧನಾ ಶುಲ್ಕವಿಲ್ಲ, ಆದಾಯ ಮಿತಿ 8 ಲಕ್ಷ, ಹಂಚಿಕೆ ರ‍್ಯಾಂಕ್ ಮೇಲೆ. ಜಾತಿಯ ಮೀಸಲಾತಿ ಇಲ್ಲದ ಬಡವರಿಗೂ ಇದು ತೆರೆದಿದೆ. ಸಿಇಟಿ ಅರ್ಜಿ ತುಂಬುವಾಗಲೇ ಕೋರಿರಬೇಕು. ಬೋಧನಾ ಶುಲ್ಕ ಬಿಟ್ಟು ಉಳಿದ ಶುಲ್ಕ ಕಟ್ಟಬೇಕಾಗುತ್ತದೆ ಎಂಬುದೂ ನೆನಪಿರಲಿ.

ಹೆಣ್ಣುಮಕ್ಕಳು ತಾಂತ್ರಿಕ ಡಿಪ್ಲೊಮಾ, ಪದವಿಯ ಮೊದಲ ವರ್ಷಕ್ಕೆ ಸೇರಿದರೆ ಎಐಸಿಟಿಇಯ ಪ್ರಗತಿ ಯೋಜನೆಗೆ ಎನ್‌ಎಸ್‌ಪಿಯಲ್ಲಿ ಅರ್ಜಿ ಹಾಕಬಹುದು. ವರ್ಷಕ್ಕೆ 50,000 ರೂಪಾಯಿ, ಆದಾಯ ಮಿತಿ 8 ಲಕ್ಷ, ಒಂದು ಕುಟುಂಬದ ಇಬ್ಬರಿಗೆ. ಇದೇ ಮೊತ್ತ ಅಂಗವಿಕಲರಿಗೆ ಸಕ್ಷಮ್, ಅನಾಥ ಮಕ್ಕಳಿಗೆ ಸ್ವನಾಥ್ ಯೋಜನೆಯಲ್ಲಿದೆ. ಹತ್ತನೆಯದನ್ನೂ ಹನ್ನೆರಡನೆಯದನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ.

ಬೋರ್ಡ್ ಪರೀಕ್ಷೆಯಲ್ಲಿ ತುಂಬ ಮೇಲಿನ ಅಂಕ ಪಡೆದವರಿಗೆ ಕೇಂದ್ರ ವಲಯದ ವಿದ್ಯಾರ್ಥಿವೇತನ ಪದವಿಯ ಮೂರು ವರ್ಷ 12,000ದಂತೆ, ಸ್ನಾತಕೋತ್ತರದಲ್ಲಿ 20,000ದಂತೆ ಸಿಗುತ್ತದೆ. ಆದಾಯ ಮಿತಿ 4.5 ಲಕ್ಷ.

ತಂದೆ ತಾಯಿ ಕಟ್ಟಡ ಕಾರ್ಮಿಕರಾಗಿ ಮಂಡಳಿಯಲ್ಲಿ ನೋಂದಣಿ ಮಾಡಿಸಿದ್ದರೆ ಮಕ್ಕಳ ಶೈಕ್ಷಣಿಕ ಸಹಾಯಧನ ವಿಚಾರಿಸಿ. ಕಾರ್ಡಿನ ನವೀಕರಣ ತಪ್ಪಿದ್ದರೆ ಮೊದಲು ಅದನ್ನು ಮಾಡಿಸಬೇಕು.

ಸಾಲ ಮಾಡಲೇಬೇಕಾದಾಗ

ಮೊದಲು ನಿಗಮಗಳನ್ನು ವಿಚಾರಿಸಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ಅರಿವು ಸಾಲದ ಬಡ್ಡಿ ಕೈಸಾಲದ ಬಡ್ಡಿಯ ಮುಂದೆ ಏನೂ ಅಲ್ಲ. ಆಮೇಲೆ ಬ್ಯಾಂಕು. ಶೈಕ್ಷಣಿಕ ಸಾಲದಲ್ಲಿ 4 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವಂತಿಲ್ಲ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಗುರುತಿಸಿದ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ 3 ಬಡ್ಡಿ ರಿಯಾಯಿತಿಯಿದೆ. ಮ್ಯಾನೇಜರ್ ಬಾಯಿಮಾತಿನಲ್ಲಿ ‘ಆಗಲ್ಲ’ ಎಂದರೆ ಎದ್ದು ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ತಿರಸ್ಕರಿಸಿದರೆ ಕಾರಣ ಬರೆದುಕೊಡಿ ಎನ್ನಿ. ಬರೆದುಕೊಡಬೇಕಾದಾಗ ಎಷ್ಟೋ ಕಡೆ ಉತ್ತರವೇ ಬದಲಾಗುತ್ತದೆ.

ಕಾಲೇಜು ಸೇರಿದ ಮೇಲೆ

ಎಸ್‌ಎಸ್‌ಪಿ ಅರ್ಜಿ ‘ಸಬ್‌ಮಿಟ್’ ಆದ ಕೂಡಲೇ ಕೆಲಸ ಮುಗಿಯಲಿಲ್ಲ. ವ್ಯಾಸಂಗ ಪತ್ರ, ಶುಲ್ಕ ರಸೀದಿಯಂಥ ದಾಖಲೆಗಳಿಗೆ ಇ-ದೃಢೀಕರಣ ಆಗಬೇಕು. ವಿಶ್ವವಿದ್ಯಾಲಯ ನಿಮ್ಮ ಪ್ರವೇಶದ ಮಾಹಿತಿಯನ್ನು ತಂತ್ರಾಂಶಕ್ಕೆ ಕೊಟ್ಟಿರಬೇಕು. ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಆಮೇಲಷ್ಟೇ ಇಲಾಖೆಯ ಸರದಿ. ಹದಿನೈದು ದಿನಕ್ಕೊಮ್ಮೆ ಸ್ಟೇಟಸ್ ನೋಡಿ, ಅರ್ಜಿ ಯಾರ ಬಳಿ ನಿಂತಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಕಾಲೇಜಿನಲ್ಲಿ ನಿಂತಿದ್ದರೆ ಇಲಾಖೆಗೆ ಅಲೆದು ಪ್ರಯೋಜನವಿಲ್ಲ.

ಫೀಸು ಕಟ್ಟಲಾಗದಿದ್ದರೆ ತರಗತಿ ತಪ್ಪಿಸಿ ಮನೆಯಲ್ಲಿ ಕೂರಬೇಡಿ. ಪ್ರಾಂಶುಪಾಲರಿಗೆ ವಿದ್ಯಾರ್ಥಿವೇತನ ಅರ್ಜಿಯ ನಕಲು ಸೇರಿಸಿ ಕಂತು ಅಥವಾ ಕಾಲಾವಕಾಶ ಕೇಳಿ ಪತ್ರ ಕೊಡಿ. ಕಾಲೇಜು ಬದಲಿಸಬೇಕಾಗಿ ಬಂದರೆ ಮೂಲ ಅಂಕಪಟ್ಟಿಗಳನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಸಂಸ್ಥೆಗಿಲ್ಲ. ಯುಜಿಸಿ 2018ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಶುಲ್ಕ ವಾಪಸಿಗೂ ನಿಯಮವಿದೆ.

ಹಣ ಸಿಕ್ಕರೂ ಓದು ಕೈಕೊಡುವ ಇನ್ನೊಂದು ಜಾಗ ಭಾಷೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಒಮ್ಮೆಲೇ ಇಂಗ್ಲಿಷ್ ಪಾಠಕ್ಕೆ ಬಂದವರು ಮೊದಲ ಸೆಮಿಸ್ಟರ್‌ನಲ್ಲಿ ಬಿದ್ದು ‘ನನಗೆ ತಲೆಯಿಲ್ಲ’ ಎಂದುಕೊಳ್ಳುತ್ತಾರೆ. ತಲೆಯ ಪ್ರಶ್ನೆ ಅಲ್ಲ ಅದು. ಪಾಠದ ಹಿಂದಿನ ರಾತ್ರಿ ಅದೇ ವಿಷಯವನ್ನು ಕನ್ನಡದಲ್ಲಿ ಓದಿ ಅಥವಾ ಕೇಳಿಕೊಂಡು ಹೋಗಿ. ಅರ್ಥ ಮೊದಲೇ ಗೊತ್ತಿದ್ದರೆ ಮರುದಿನ ತರಗತಿಯಲ್ಲಿ ಇಂಗ್ಲಿಷ್ ಪದಗಳನ್ನಷ್ಟೇ ಹಿಡಿದರೆ ಸಾಕು. ಪಾರಿಭಾಷಿಕ ಪದಗಳಿಗೆ ಒಂದು ನೋಟುಬುಕ್ಕು ಇಡಿ. ಇಂಗ್ಲಿಷ್ ಮಾಧ್ಯಮದ ಕೋರ್ಸಾದರೂ ಉತ್ತರವನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು ಯುಜಿಸಿ 2023ರಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ನಿಮ್ಮಲ್ಲಿ ಅವಕಾಶವಿದೆಯೇ ಎಂದು ಪರೀಕ್ಷಾ ವಿಭಾಗದಲ್ಲಿ ಕೇಳಿ.

ಜಾತಿಯ ಹೆಸರಿನಲ್ಲಿ ಹೀಯಾಳಿಕೆ, ‘ಕೋಟಾದವರು’ ಎಂಬ ಚುಚ್ಚುಮಾತು ಎದುರಾದರೆ ನುಂಗಿಕೊಳ್ಳಬೇಡಿ. ದಿನಾಂಕ, ಜಾಗ, ಆಡಿದ ಮಾತು, ಕೇಳಿಸಿಕೊಂಡವರ ಹೆಸರು ಬರೆದಿಟ್ಟು ಕಾಲೇಜಿನ ಸಮಾನ ಅವಕಾಶ ಕೋಶಕ್ಕೆ ಅಥವಾ ಪರಿಶಿಷ್ಟ ಜಾತಿ, ಪಂಗಡ ಕೋಶಕ್ಕೆ ದೂರು ಕೊಡಿ. ರ‍್ಯಾಗಿಂಗ್ ಆದರೆ 1800-180-5522ಕ್ಕೆ ಕರೆ ಮಾಡಿ. ಮನಸ್ಸು ತೀರಾ ಕುಸಿದಾಗ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ.

ಸಾಮಾನ್ಯವಾಗಿ ಆಗುವ ತಪ್ಪುಗಳು

– ಸೈಬರ್ ಸೆಂಟರಿನವರ ಮೊಬೈಲ್ ನಂಬರ್ ಕೊಟ್ಟು ನೋಂದಣಿ ಮಾಡಿಸುವುದು. ಪಾಸ್‌ವರ್ಡ್ ಮರೆತರೆ ಅರ್ಜಿ ತೆರೆಯಲು ಅವರನ್ನೇ ಹುಡುಕಬೇಕಾಗುತ್ತದೆ.

– ಎರಡನೇ ವರ್ಷ ಅರ್ಜಿ ಹಾಕದಿರುವುದು. ಒಮ್ಮೆ ಬಂದರೆ ಪ್ರತಿ ವರ್ಷ ತಾನಾಗಿ ಬರುವುದಿಲ್ಲ.

– ಖಾತೆಗೆ ಬಂದ ದೊಡ್ಡ ಮೊತ್ತವನ್ನು ಮನೆಯ ಖರ್ಚಿಗೆ ಬಳಸುವುದು. ಅದರಲ್ಲಿ ಕಾಲೇಜಿಗೆ ಸಲ್ಲಬೇಕಾದ ಶುಲ್ಕದ ಪಾಲಿರುತ್ತದೆ. ಎಷ್ಟು ಎಂದು ಕಾಲೇಜಿನಲ್ಲಿ ಕೇಳಿ, ಕಟ್ಟಿ, ರಸೀದಿ ಪಡೆಯಿರಿ.

– ಹಾಸ್ಟೆಲ್‌ನಲ್ಲಿದ್ದುಕೊಂಡು ಹೊರಗಿದ್ದೇನೆ ಎಂದು ಬರೆಯುವುದು, ಒಂದೇ ಕೋರ್ಸಿಗೆ ಎರಡು ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವುದು. ಆಧಾರ್‌ನಿಂದ ಗೊತ್ತಾಗುತ್ತದೆ, ಹಣ ವಾಪಸ್ ಕಟ್ಟಬೇಕಾಗುತ್ತದೆ. ಖಾಸಗಿ ಟ್ರಸ್ಟಿನದಾದರೆ ಅವರ ನಿಯಮ ಓದಿ.

– ‘ಇಷ್ಟು ಕೊಟ್ಟರೆ ಮಂಜೂರು ಮಾಡಿಸುತ್ತೇನೆ’ ಎನ್ನುವವರನ್ನು ನಂಬುವುದು. ಎಸ್‌ಎಸ್‌ಪಿ, ಎನ್‌ಎಸ್‌ಪಿ ಅರ್ಜಿಗೆ ಶುಲ್ಕವೇ ಇಲ್ಲ. ಒಟಿಪಿ ಯಾರಿಗೂ ಹೇಳಬೇಡಿ.

– ಗಡುವಿನ ಕಡೆಯ ದಿನಕ್ಕೆ ಕಾಯುವುದು. ಅಂದು ಸರ್ವರ್ ಸಿಗುವುದಿಲ್ಲ.

ಎಲ್ಲ ಮಾಡಿಯೂ ಹಣ ಬಾರದಿದ್ದರೆ ಮೊದಲು ಕಾಲೇಜಿನ ನೋಡಲ್ ಅಧಿಕಾರಿಗೆ, ನಂತರ ಇಲಾಖೆಯ ತಾಲ್ಲೂಕು ಅಧಿಕಾರಿಗೆ ಅರ್ಜಿ ಸಂಖ್ಯೆ ಸಮೇತ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲೂ ಉತ್ತರ ಬಾರದಿದ್ದರೆ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲಿ ದೂರು ದಾಖಲಿಸಿ.

ಇದನ್ನು ಓದುತ್ತಿರುವ ಉಪನ್ಯಾಸಕರಲ್ಲಿ, ಪದವಿ ಮುಗಿಸಿದ ಅಣ್ಣ ಅಕ್ಕಂದಿರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವ ಮಗುವಿಗೆ ಕೇಳಲು ಯಾರೂ ಇರುವುದಿಲ್ಲ. ನಿಮ್ಮ ಬೀದಿಯಲ್ಲೋ ತರಗತಿಯಲ್ಲೋ ಅಂಥ ಒಬ್ಬರಿದ್ದರೆ ಈ ಭಾನುವಾರ ಅವರ ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರು ಹೊಂದುತ್ತದೆಯೇ ನೋಡಿ, ನಿಮ್ಮ ಫೋನಿನಲ್ಲೇ ಬ್ಯಾಂಕ್ ಸೀಡಿಂಗ್ ಪರೀಕ್ಷಿಸಿ ಕೊಡಿ.